ಕಣ್ಣಡಿಯ ಕಪ್ಪು: ಬಳಕೆದಾರರ ಕೈಪಿಡಿ

ಮಾನ್ಯ ಗ್ರಾಹಕರೇ,

ನಮ್ಮ ಉತ್ಪನ್ನವನ್ನು ಧರಿಸುತ್ತಿರುವುದಕ್ಕೆ ಧನ್ಯವಾದಗಳು. 'ಆರಿಸಿಕೊಂಡಿದ್ದಕ್ಕೆ' ಎಂದು ಬರೆಯಲು ನಮ್ಮ ವಕೀಲರು ಒಪ್ಪಲಿಲ್ಲ. ಇದನ್ನು ಯಾರೂ ಆರಿಸಿ ತರುವುದಿಲ್ಲ. ಒಂದು ದಿನ ಹಲ್ಲುಜ್ಜುವಾಗ ತಲೆಯೆತ್ತಿ ನೋಡಿದರೆ ಕನ್ನಡಿಯಲ್ಲಿ ಅದಾಗಲೇ ಬಂದು ಕೂತಿರುತ್ತದೆ. ಮಾಲು ಜೋಡಿಯಲ್ಲೇ ಬರುತ್ತದೆ, ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಬಿಡಿಯಾಗಿ ಮಾರಾಟಕ್ಕಿಲ್ಲ. ಒಂದೇ ಕಣ್ಣಿನ ಕೆಳಗೆ ಇದ್ದಕ್ಕಿದ್ದಂತೆ ಕಪ್ಪಾಗಿದ್ದರೆ ಅದು ನಮ್ಮ ಕಂಪನಿಯದಲ್ಲ. ಏಟು ಬಿದ್ದಿದೆಯೋ ಬೇರೇನಾದರೂ ಇದೆಯೋ, ಈ ಪುಸ್ತಕ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಿ.

ಕೈಪಿಡಿಯನ್ನು ಯಾರೂ ಓದುವುದಿಲ್ಲ ಎಂಬುದು ನಮಗೂ ಗೊತ್ತು. ಮಿಕ್ಸಿ ತಂದವರು ಮೊದಲು ಚಟ್ನಿ ಅರೆಯುತ್ತಾರೆ, ಸುಟ್ಟ ವಾಸನೆ ಬಂದಮೇಲೆ ಪುಸ್ತಕ ಎಲ್ಲಿಟ್ಟೆವೆಂದು ಹುಡುಕುತ್ತಾರೆ. ಇಲ್ಲೂ ಹಾಗೆಯೇ: ಮೊದಲು ಕ್ರೀಮು, ಆಮೇಲೆ ಇನ್ನೊಂದು ಕ್ರೀಮು, ಆಮೇಲೆ ಅತ್ತಿಗೆ ಹೇಳಿದ ಆಲೂಗಡ್ಡೆ ರಸ, ಕೊನೆಗೆ 'ನಂದು ಯಾಕೋ ಹೋಗ್ತಾನೇ ಇಲ್ಲ' ಎಂಬ ಗೊಣಗಾಟ. ಹೋಗದಿರುವುದಕ್ಕೆ ಕಾರಣ ಸರಳ. ನಿಮ್ಮ ಹತ್ತಿರ ಇರುವುದು ಯಾವ ಮಾಡೆಲು ಎಂದು ನೀವು ನೋಡಿಯೇ ಇಲ್ಲ.

ಮಾಡೆಲ್ ಪತ್ತೆ ಹಚ್ಚುವ ವಿಧಾನ

ಒಂದು ಕೈಗನ್ನಡಿ ತೆಗೆದುಕೊಂಡು ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ನಿಲ್ಲಿ. ಬಚ್ಚಲಿನ ದೀಪ ಬೇಡ. ಅದು ನೆತ್ತಿಯ ಮೇಲಿಂದ ಬೀಳುತ್ತದೆ, ಎಂಥವರನ್ನೂ ಮೂರು ದಿನ ಜ್ವರ ಬಂದು ಎದ್ದವರ ಹಾಗೆ ತೋರಿಸುತ್ತದೆ. ಮುಖಕ್ಕೆ ಏನೂ ಹಚ್ಚಿರಬಾರದು. ಕಾಡಿಗೆ ಹಚ್ಚುವವರು ಹಿಂದಿನ ರಾತ್ರಿಯೇ ಪೂರ್ತಿ ಒರೆಸಿರಬೇಕು. ನಿನ್ನೆಯ ಕಾಡಿಗೆಯನ್ನೇ ಇವತ್ತಿನ ಕಾಯಿಲೆ ಎಂದುಕೊಂಡು ಚಿಂತೆಗೆ ಬಿದ್ದ ಗ್ರಾಹಕರು ಕಡಿಮೆಯೇನಿಲ್ಲ.

ಈಗ ಕಣ್ಣಿನ ಕೆಳಗಿನ ಚರ್ಮವನ್ನು ಬೆರಳ ತುದಿಯಿಂದ ಮೆಲ್ಲಗೆ ಕೆನ್ನೆಯ ಕಡೆಗೆ ಎಳೆಯಿರಿ. ಕಪ್ಪು ಚರ್ಮದ ಜೊತೆಗೇ ಜರುಗಿ, ಮೊದಲಿನಷ್ಟೇ ಗಾಢವಾಗಿ ಉಳಿದರೆ ನಿಮ್ಮದು ಕಂದು ಮಾಡೆಲ್. ಬಣ್ಣ ಇರುವುದು ಚರ್ಮದಲ್ಲೇ. ಮೆಲನಿನ್ ಎಂಬ ವರ್ಣಕ ಅಲ್ಲಿ ಸ್ವಲ್ಪ ಧಾರಾಳವಾಗಿ ಬಿದ್ದಿದೆ. ಎಷ್ಟೋ ಸಲ ಮೇಲಿನ ರೆಪ್ಪೆಯಲ್ಲೂ ಅದೇ ಬಣ್ಣ ಇರುತ್ತದೆ. ನಮ್ಮ ದೇಶದ ಮೈಬಣ್ಣದವರಿಗೆ ಬಹಳವಾಗಿ ಸಿಗುವ ಮಾಡೆಲ್ ಇದು. ಗೋಡೆಯ ಮೇಲಿನ ಅಜ್ಜಿಯ ಫೋಟೊ ಒಮ್ಮೆ ನೋಡಿ, ಆಮೇಲೆ ಸೋದರಮಾವನ ಮುಖ ನೋಡಿ. ಅದೇ ಕಂದು ಪಟ್ಟಿ ಅಲ್ಲೆಲ್ಲ ಕಂಡರೆ ತಯಾರಕರು ಯಾರೆಂದು ಗೊತ್ತಾದಂತೆ. ಪಿತ್ರಾರ್ಜಿತ ಆಸ್ತಿಯ ಭಾಗಕ್ಕೆ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಕೂಡ ಇದನ್ನು ಮಾತ್ರ ತಕರಾರಿಲ್ಲದೆ ಸಮನಾಗಿ ಹಂಚಿಕೊಂಡಿರುತ್ತಾರೆ.

ಎಳೆದಾಗ ನೀಲಿ, ನೇರಳೆ ಛಾಯೆ ಇನ್ನಷ್ಟು ಎದ್ದು ಕಂಡರೆ ನಿಮ್ಮದು ನೀಲಿ ಮಾಡೆಲ್. ಕಣ್ಣರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳುವಾದದ್ದು, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಅದರ ಕೆಳಗೆ ಕೊಬ್ಬಿನ ಪದರ ಇಲ್ಲವೆಂದೇ ಹೇಳಬಹುದು. ಕಣ್ಣು ಮುಚ್ಚುವ ಉಂಗುರದಂಥ ಸ್ನಾಯು, ಅದರ ಮೇಲೆ ಹರಡಿದ ಸಣ್ಣ ರಕ್ತನಾಳಗಳು, ಎಲ್ಲವೂ ಹಾಗೇ ಹೊರಗೆ ಕಾಣುತ್ತವೆ. ಬೆಳಗ್ಗೆ ಎದ್ದಾಗ ಹೆಚ್ಚು, ಓಡಾಡಿದ ಮೇಲೆ ಕಡಿಮೆ. ಮೂಗು ಕಟ್ಟಿದ ದಿನ ಮತ್ತೆ ಹೆಚ್ಚು. ವಯಸ್ಸಾದಂತೆ ಚರ್ಮ ಇನ್ನೂ ತೆಳ್ಳಗಾಗುವುದರಿಂದ ಈ ಮಾಡೆಲಿನ ಬಣ್ಣ ವರ್ಷ ಕಳೆದಂತೆ ಗಾಢವಾಗುತ್ತದೆಯೇ ಹೊರತು ಮಾಸುವುದಿಲ್ಲ.

ಮೂರನೆಯದು ನೆರಳು ಮಾಡೆಲ್. ಇದಕ್ಕೆ ಎಳೆಯುವುದು ಬೇಡ. ಮುಖವನ್ನು ಬೆಳಕಿನ ಕಡೆಗೆ ಎತ್ತಿ ಹಿಡಿಯಿರಿ. ಕಪ್ಪು ಮಾಯವಾಯಿತೇ? ಹಾಗಿದ್ದರೆ ಅಲ್ಲಿ ಬಣ್ಣವೇ ಇರಲಿಲ್ಲ. ಕಣ್ಣಿನ ಒಳಮೂಲೆಯಿಂದ ಕೆನ್ನೆಯತ್ತ ಓರೆಯಾಗಿ ಇಳಿಯುವ ಒಂದು ತಗ್ಗು ಇದೆ, ಡಾಕ್ಟರರು ಟಿಯರ್ ಟ್ರಫ್ ಅನ್ನುತ್ತಾರೆ. ಕೆನ್ನೆಯ ಕೊಬ್ಬು ಕರಗಿ, ಕಣ್ಣಡಿಯ ಕೊಬ್ಬು ಮುಂದಕ್ಕೆ ಉಬ್ಬಿದಾಗ ಮೇಲೊಂದು ದಿಬ್ಬ, ಕೆಳಗೊಂದು ಹಳ್ಳ. ದಿಬ್ಬದ ನೆರಳು ಹಳ್ಳಕ್ಕೆ ಬೀಳುತ್ತದೆ. ನೆರಳಿಗೆ ಕ್ರೀಮು ಹಚ್ಚಿ ಬೆಳ್ಳಗೆ ಮಾಡಲು ಹೊರಟವರಿಗೆ ನಮ್ಮ ಕಂಪನಿಯ ಶುಭಾಶಯಗಳು.

ಬಹಳಷ್ಟು ಗ್ರಾಹಕರ ಬಳಿ ಇರುವುದು ಎರಡೋ ಮೂರೋ ಬೆರೆತ ಮಿಶ್ರ ಮಾಡೆಲ್. ಅಂಗಡಿಯ ಕಪಾಟಿನಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಟ್ಯೂಬು.

ಕಪ್ಪು ಗಾಢವಾಗಲು ಏನು ಮಾಡಬೇಕು

ಎಲ್ಲರಿಗೂ ಗೊತ್ತಿರುವುದು ನಿದ್ದೆಗೇಡು. ಅದು ಸುಳ್ಳೂ ಅಲ್ಲ. ಸ್ವೀಡನ್ನಿನಲ್ಲಿ 10 ಜನರನ್ನು ಒಮ್ಮೆ ಚೆನ್ನಾಗಿ ನಿದ್ದೆ ಮಾಡಿಸಿ, ಇನ್ನೊಮ್ಮೆ 31 ಗಂಟೆ ಎಚ್ಚರವಿರಿಸಿ ಫೋಟೊ ತೆಗೆದು, ವಿಷಯ ತಿಳಿಸದೆ 40 ಜನರಿಗೆ ತೋರಿಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೋಡಿದವರು ನಿದ್ದೆಗೆಟ್ಟ ಫೋಟೊಗಳಲ್ಲೇ ರೆಪ್ಪೆ ಜೋತಿದೆ, ಕಣ್ಣು ಕೆಂಪಾಗಿದೆ, ಕಣ್ಣಡಿ ಕಪ್ಪಾಗಿದೆ ಎಂದರು. ಸರಿ, ಆದರೆ ದೀಪಾವಳಿಯ ಆಸುಪಾಸಿನಿಂದ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ರಾತ್ರಿಯಿಡೀ ಕುಣಿದು, ಬೆಳಗಿನ ಜಾವ ಕೊಬ್ಬರಿ ಎಣ್ಣೆ ಸವರಿ ಬಣ್ಣ ತೆಗೆದು ಮಲಗುವ ಯಕ್ಷಗಾನದ ಕಲಾವಿದರಲ್ಲೂ ತಿಳಿಯಾದ ಕಣ್ಣಡಿಯವರಿದ್ದಾರೆ. ಹತ್ತಕ್ಕೆ ಮಲಗಿ ಆರಕ್ಕೆ ಏಳುವ, ಮಧ್ಯಾಹ್ನ ಊಟದ ಮೇಲೂ ಒಂದು ಕೋಳಿನಿದ್ದೆ ತೆಗೆಯುವ ನಿವೃತ್ತ ಮೇಷ್ಟ್ರ ಕಣ್ಣಡಿ ಇದ್ದಿಲಿನಂತಿರುವುದೂ ಉಂಟು. ನಿದ್ದೆಗೆಟ್ಟಾಗ ಮುಖ ಬಿಳಿಚಿಕೊಳ್ಳುತ್ತದೆ, ಮೊದಲೇ ಇದ್ದ ಕಪ್ಪು ಎದ್ದು ಕಾಣುತ್ತದೆ. ನಿದ್ದೆಯ ಕೈವಾಡ ಬಹುಪಾಲು ಅಷ್ಟೇ. ಒಂದು ಭಾನುವಾರ ಹನ್ನೆರಡು ಗಂಟೆ ಮಲಗಿ ಎದ್ದು ಕನ್ನಡಿ ನೋಡಿ ಸಿಟ್ಟಾಗುವವರು ಇದನ್ನು ಗಮನಿಸಬೇಕು.

ನಿಜವಾಗಿ ಕಪ್ಪನ್ನು ಉತ್ಪಾದಿಸಬೇಕೆಂದರೆ ಅತ್ಯುತ್ತಮ ಉಪಕರಣ ನಿಮ್ಮ ಕೈಯಲ್ಲೇ ಇದೆ: ಮುಷ್ಟಿ. ಕಣ್ಣು ಉಜ್ಜಿ. ಚೆನ್ನಾಗಿ, ಗಿರಗಿರ ತಿರುಗಿಸಿ, ಒಳ್ಳೇ ಹಿತವಾಗುವವರೆಗೆ ಉಜ್ಜಿ. ಕೆರಳಿದ ಚರ್ಮ ತನ್ನ ರಕ್ಷಣೆಗೆ ಇನ್ನಷ್ಟು ಮೆಲನಿನ್ ಸುರಿಸುತ್ತದೆ. ಕಂದು ಚರ್ಮದವರಲ್ಲಿ ಈ ಕೆಲಸ ಬಲು ಚುರುಕು, ಹೋಗುವುದು ಮಾತ್ರ ತಿಂಗಳುಗಟ್ಟಲೆ ನಿಧಾನ. ಅಲರ್ಜಿ ನೆಗಡಿ ಇರುವವರಿಗೆ ಇದು ಎರಡು ಕಡೆಯ ಏಟು. ಒಂದು ಕಡೆ ಮೂಗಿನೊಳಗಿನ ಊತದಿಂದ ಕಣ್ಣಡಿಯ ರಕ್ತ ಸರಾಗವಾಗಿ ವಾಪಸು ಹೋಗದೆ ನೀಲಿ ಕಟ್ಟುತ್ತದೆ, ಇನ್ನೊಂದು ಕಡೆ ತುರಿಕೆ, ಉಜ್ಜಾಟ. ಸದಾ ಅಂಗೈಯಿಂದ ಮೂಗನ್ನು ಮೇಲಕ್ಕೆ ಒರೆಸಿಕೊಳ್ಳುವ ಮಗುವಿನ ಕಣ್ಣಡಿ ಕಪ್ಪಾಗಿದ್ದರೆ ಟಿವಿಯನ್ನು ಬೈಯುವ ಮೊದಲು ಆ ಮೂಗಿಗೆ ಔಷಧ ಕೊಡಿಸಿ.

ಬೆಂಗಳೂರು ಮತ್ತು ಬಯಲುಸೀಮೆಯ ಗ್ರಾಹಕರಿಗೆ ವಿಶೇಷ ಸೌಲಭ್ಯವೊಂದಿದೆ, ಕಾಂಗ್ರೆಸ್ ಗಿಡ. ಪಾರ್ಥೇನಿಯಂ ಎಂಬ ಈ ಕಳೆ 1950ರ ದಶಕದಲ್ಲಿ ಪುಣೆಯ ಕಡೆ ಗಮನಕ್ಕೆ ಬಂದು, ಆಮೇಲೆ ನಮ್ಮ ಖಾಲಿ ಸೈಟುಗಳನ್ನೆಲ್ಲ ರಿಜಿಸ್ಟ್ರೇಷನ್ ಇಲ್ಲದೆ ಸ್ವಾಧೀನಪಡಿಸಿಕೊಂಡಿತು. ಅದರ ಪುಡಿ ಗಾಳಿಯಲ್ಲಿ ತೇಲಿ ಬಂದು ಒಗ್ಗದವರ ಮೈಮೇಲೆ ಕಜ್ಜಿ ಎಬ್ಬಿಸುತ್ತದೆ, ಅದರಲ್ಲೂ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ. ಈ ಗಿಡವನ್ನು ತಿನ್ನಲೆಂದು 1980ರ ದಶಕದಲ್ಲಿ ಮೆಕ್ಸಿಕೋದಿಂದ ದುಂಬಿ ತರಿಸಿ ಬೆಂಗಳೂರಿನಲ್ಲಿ ಬಿಟ್ಟರು. ಈಗ ದುಂಬಿಯೂ ಇದೆ, ಗಿಡವೂ ಇದೆ.

ಇನ್ನು ಯಾರೂ ಅನುಮಾನಪಡದ ಕಳ್ಳರಿಬ್ಬರು: ತಲೆಗೆ ಹಚ್ಚುವ ಬಣ್ಣ ಮತ್ತು ನೈಲ್ ಪಾಲಿಷ್. ಉಗುರಿಗೆ ಹಚ್ಚಿದ ಬಣ್ಣದ ಅಲರ್ಜಿ ಬೆರಳಿನಲ್ಲಿ ಕಾಣದೆ ರೆಪ್ಪೆಯಲ್ಲಿ ಕಾಣಿಸಿಕೊಳ್ಳುವುದುಂಟು. ಬೆರಳಿನ ಚರ್ಮ ಗಟ್ಟಿ, ರೆಪ್ಪೆಯದು ತೆಳು. ಕೈ ಎಷ್ಟು ಸಲ ಕಣ್ಣಿಗೆ ಹೋಗುತ್ತದೆಂದು ಲೆಕ್ಕ ಇಟ್ಟವರಿಲ್ಲ.

ಅಡುಗೆಮನೆಯಲ್ಲೇ ರಿಪೇರಿ

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಬೇರೆ ಅರ್ಥದಲ್ಲಿ ಹೇಳಿದ್ದರು. ಕಣ್ಣಡಿಯ ಮಟ್ಟಿಗೆ ಅದನ್ನು ಇದ್ದ ಹಾಗೇ ತೆಗೆದುಕೊಂಡರೂ ಅಂಥ ನಷ್ಟವಿಲ್ಲ.

ಸೌತೆಕಾಯಿ ಬಿಲ್ಲೆ: ಫ್ರಿಜ್ಜಿನಿಂದ ತೆಗೆದು ಇಟ್ಟರೆ ನೀಲಿ ಮಾಡೆಲಿಗೆ ಸ್ವಲ್ಪ ಹೊತ್ತು ಅನುಕೂಲ. ತಂಪಿಗೆ ರಕ್ತನಾಳ ಕುಗ್ಗುತ್ತದೆ, ಊತ ಇಳಿಯುತ್ತದೆ. ಕೆಲಸ ಮಾಡುವುದು ತಂಪು, ಸೌತೆಕಾಯಿಯಲ್ಲ. ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ಚಮಚವೂ ಅದನ್ನೇ ಮಾಡುತ್ತದೆ. ಸೌತೆಕಾಯಿಯನ್ನು ಹೆಸರುಬೇಳೆಯ ಜೊತೆ ಕೋಸಂಬರಿಗೆ ಬಿಟ್ಟುಕೊಡಿ. ಚಹಾ ಬ್ಯಾಗಿನಲ್ಲಿ ಕೆಫೀನ್ ಇದೆ, ಅದಕ್ಕೂ ನಾಳ ಕುಗ್ಗಿಸುವ ಗುಣವಿದೆ, ಪರಿಣಾಮ ಮಾತ್ರ ಮದುವೆ ಮನೆಗೆ ಹೋಗಿ ಬರುವಷ್ಟು ಹೊತ್ತು. ಬಾದಾಮಿ ಎಣ್ಣೆ ಚರ್ಮದ ಒಣಕಲು ಕಡಿಮೆ ಮಾಡುತ್ತದೆ. ಅದಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಂಡವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕಾಗುತ್ತದೆ.

ಎಚ್ಚರಿಕೆ: ನಿಂಬೆರಸವನ್ನು ಕಣ್ಣಿನ ಹತ್ತಿರಕ್ಕೂ ತರಬೇಡಿ. ಹುಳಿ ಆ ತೆಳು ಚರ್ಮವನ್ನು ಸುಡುತ್ತದೆ. ಸಾಲದ್ದಕ್ಕೆ ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದರೆ ಚರ್ಮವನ್ನು ಇನ್ನಷ್ಟು ಕಪ್ಪಾಗಿಸುತ್ತವೆ. ನಿಂಬೆಯ ಜಾಗ ಚಿತ್ರಾನ್ನ. ಅಲ್ಲಿ ಅದಕ್ಕೆ ಗೌರವವೂ ಇದೆ, ಉಪಯೋಗವೂ ಇದೆ. ಊಟದ ಜೊತೆ ಹುಳಿಹಣ್ಣಿನ ವಿಟಮಿನ್ ಸಿ ಇದ್ದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಕಬ್ಬಿಣದ ಮಾತು ಬಂದಿದ್ದರಿಂದ ಇಲ್ಲಿ ತಮಾಷೆ ಸ್ವಲ್ಪ ಬದಿಗಿಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಅದು ಅರ್ಧಕ್ಕೆ ಸ್ವಲ್ಪ ಕಡಿಮೆ. ರಕ್ತ ಕಡಿಮೆಯಾದಾಗ ಸುತ್ತಲಿನ ಚರ್ಮ ಬಿಳಿಚಿ ಕಣ್ಣಡಿ ಎದ್ದು ಕಾಣುತ್ತದೆ. ಕೆಳರೆಪ್ಪೆಯ ಒಳಭಾಗವನ್ನು ಸ್ವಲ್ಪ ಎಳೆದು ನೋಡಿ: ಕೆಂಪಗಿರಬೇಕಾದದ್ದು ಬಿಳಿಚಿದ್ದರೆ, ಮೆಟ್ಟಿಲು ಹತ್ತಿದಾಗ ಏದುಸಿರು ಬರುತ್ತಿದ್ದರೆ, ಕಣ್ಣಿನ ಕ್ರೀಮಿಗೆ ಇಟ್ಟ ದುಡ್ಡಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ ಸಿಗುತ್ತದೆ. ಅದನ್ನು ಕಾಫಿಯ ಜೊತೆ ನುಂಗಿದರೆ ಅರ್ಧ ದಂಡ. ಊಟ, ಮಾತ್ರೆ ಯಾವುದಿದ್ದರೂ ಕಾಫಿ, ಚಹಾ ಒಂದು ಗಂಟೆ ದೂರವಿರಲಿ. ಎಲ್ಲರಿಗೂ ಬಡಿಸಿ ಮಿಕ್ಕಿದ್ದನ್ನು ತಿನ್ನುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಕಣ್ಣಡಿಯ ಕಪ್ಪಿನ ಚಿಕಿತ್ಸೆ ಬಡಿಸುವ ಸರದಿಯಿಂದಲೇ ಶುರುವಾಗಬೇಕು.

ಅಂಗಡಿಯ ಬಿಡಿಭಾಗಗಳು

ಕಂದು ಮಾಡೆಲಿಗೆ ಮೊದಲ ಔಷಧ ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಹೆಚ್ಚು, ದಿನಾ. ಬಿಸಿಲಿಗೆ ಹೋಗುವಾಗ ಅಗಲ ಗಾಜಿನ ತಂಪು ಕನ್ನಡಕ. ಇಷ್ಟನ್ನೂ ಮಾಡದೆ ವಿಟಮಿನ್ ಸಿ, ಕೋಜಿಕ್ ಆಸಿಡ್, ರೆಟಿನಾಲ್ ಎಂದು ಬಾಟಲಿ ಜೋಡಿಸುವವರು ತಳ ಸೋರುವ ಕೊಡಕ್ಕೆ ನೀರು ತುಂಬುತ್ತಿದ್ದಾರೆ. ಆ ಔಷಧಗಳು ಸುಳ್ಳಲ್ಲ. ಕೆಲಸ ಮಾಡಲು ತಿಂಗಳುಗಳು ಬೇಕು. ಜಾಹೀರಾತಿನಲ್ಲಿ 'ಏಳೇ ದಿನ' ಎಂದಿದ್ದರೆ ಅದು ಟ್ಯೂಬು ಖಾಲಿಯಾಗಲು ಬೇಕಾದ ಅವಧಿ ಎಂದು ಓದಿಕೊಳ್ಳಿ. ಕನ್ಸೀಲರ್ ಮಾತ್ರ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುತ್ತದೆ. ನೀಲಿ ಛಾಯೆಯ ಮೇಲೆ ಕಿತ್ತಳೆ ಬಣ್ಣದ್ದನ್ನು ತೆಳುವಾಗಿ ಹಚ್ಚಿದರೆ ಎರಡೂ ಒಂದನ್ನೊಂದು ಕೊಲ್ಲುತ್ತವೆ. ಯಕ್ಷಗಾನದ ಚೌಕಿಮನೆಯಲ್ಲಿ ಬಣ್ಣ ಬರೆದುಕೊಳ್ಳುವ ಯಾರನ್ನಾದರೂ ಕೇಳಿ, ಯಾವ ಬಣ್ಣದ ಮೇಲೆ ಯಾವುದು ಕೂರುತ್ತದೆಂದು ನಿಮ್ಮ ಪಾರ್ಲರಿನವರಿಗಿಂತ ಚೆನ್ನಾಗಿ ಹೇಳುತ್ತಾರೆ.

ಭಯಪಡಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೈಗೆ ಬರುವ ಸಣ್ಣ ಟ್ಯೂಬಿನ ಬಗ್ಗೆ. 1975ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಸಹೋದ್ಯೋಗಿಯೊಬ್ಬರ ಜೊತೆ ಸೇರಿ, ಚರ್ಮದ ಕಪ್ಪು ತಿಳಿಗೊಳಿಸಲು ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಮುಲಾಮಿನ ಸೂತ್ರ ಪ್ರಕಟಿಸಿದರು. ಬಂಗು ಎಂಬ ಮುಖದ ಕಪ್ಪು ಕಲೆಗೆ ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರ ಹಚ್ಚುವ ಔಷಧ ಅದು. ನಮ್ಮಲ್ಲಿ ಅದರ ತಮ್ಮಂದಿರು ಮುಖ ಬೆಳ್ಳಗಾಗುವ ಕ್ರೀಮಾಗಿ ಮನೆಮನೆಗೆ ಬಂದರು. ಮೊದಲ ಹದಿನೈದು ದಿನ ಕಣ್ಣಡಿ ತಿಳಿಯಾಗಿ, ಅಕ್ಕಪಕ್ಕದವರು ಹೆಸರು ಬರೆದುಕೊಂಡು ಹೋಗುತ್ತಾರೆ. ಆಮೇಲೆ ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತಾ ಹೋಗಿ ಒಳಗಿನ ನಾಳಗಳು ಕಾಣತೊಡಗುತ್ತವೆ, ಕಂದು ಮಾಡೆಲ್ ಕೊಟ್ಟು ನೀಲಿ ಮಾಡೆಲ್ ತಂದಂತೆ. ಕಣ್ಣಿನ ಹತ್ತಿರ ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಟ್ಯೂಬಿನ ಮೇಲೆ 'ಸೋನ್' ಎಂದು ಕೊನೆಯಾಗುವ ಹೆಸರು ಕಂಡರೆ, ಮೊಮೆಟಾಸೋನ್, ಬೀಟಾಮೆಥಾಸೋನ್, ಅಂಥದ್ದೇನಾದರೂ, ಅಲ್ಲೇ ಕೆಳಗಿಡಿ. ಊರುಪೇರಿಲ್ಲದ ಡಬ್ಬಿಯ ಫೇರ್‌ನೆಸ್ ಕ್ರೀಮುಗಳದ್ದು ಇನ್ನೂ ಒಂದು ಕೈ ಮೇಲು. ಪಾದರಸ ಇದ್ದ ಅಂಥ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2023ರಲ್ಲಿ ಬೆಳಕಿಗೆ ತಂದರು.

ಸಂಬಂಧಿಕರ ಎದುರು ಬಳಸುವಾಗ

ಕಲ್ಯಾಣಮಂಟಪದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ನಿಂತಿರುತ್ತೀರಿ. ದೊಡ್ಡಮ್ಮ ಗುಂಪು ಸೀಳಿಕೊಂಡು ಬಂದು, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾರೆ. "ಏನೇ ಇದು, ಕಣ್ಣೆಲ್ಲ ಗುಳಿಬಿದ್ದು ಕೂತಿದೆ! ರಾತ್ರಿಯೆಲ್ಲ ಆ ಮೊಬೈಲು ಹಿಡ್ಕೊಂಡಿರ್ತೀಯ ತಾನೆ?" ಗುಳಿಬಿದ್ದಿದೆ ಎಂದರೆ ನೆರಳು ಮಾಡೆಲ್, ದೊಡ್ಡಮ್ಮನ ರೋಗನಿರ್ಣಯ ಸರಿಯಾಗಿಯೇ ಇದೆ, ಕಾರಣ ಮಾತ್ರ ತಪ್ಪು. ಈ ಹೊತ್ತಿನಲ್ಲಿ ಅವರ ಕಣ್ಣಡಿಯನ್ನೂ ನೋಡಿ. ಒಂದೇ ಬ್ಯಾಚಿನ ಮಾಲು. ಅದನ್ನು ಊಟಕ್ಕೆ ಮೊದಲು ಹೇಳಬೇಡಿ, ಊಟವಾದ ಮೇಲೂ ಹೇಳಬೇಡಿ. "ಹೌದು ದೊಡ್ಡಮ್ಮ, ಇನ್ಮೇಲೆ ಬೇಗ ಮಲಗ್ತೀನಿ" ಎನ್ನುವುದೇ ನಮ್ಮ ಕಂಪನಿ ಶಿಫಾರಸು ಮಾಡುವ ಉತ್ತರ.

ಮದುವೆಯಾದ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತಿನ ತೂಕ ಬೇರೆ. ಹಬ್ಬಕ್ಕೆ ತವರಿಗೆ ಬಂದ ಮಗಳನ್ನು ನೋಡಿ ತಾಯಿ "ಕಣ್ಣು ಕಪ್ಪಾಗಿದೆಯಲ್ಲೇ" ಎಂದರೆ ಅದು ಬೀಗರ ಮನೆಯ ಮೇಲೆ ಹಾಕಿದ ಆರೋಪಪಟ್ಟಿ: ಕೆಲಸ ಹೆಚ್ಚು, ಊಟ ಕಡಿಮೆ, ಸುಖವಿಲ್ಲ. ಅದೇ ಮಾತನ್ನು ಅತ್ತೆ ಆಡಿದರೆ ಮದುವೆಗೆ ಮುಂಚೆಯೇ ಇತ್ತು ಎಂಬ ಪ್ರತಿವಾದ. ನಡುವೆ ಕಣ್ಣಡಿ ಸಾಕ್ಷಿಕಟ್ಟೆಯಲ್ಲಿ ನಿಂತಿರುತ್ತದೆ, ಅದನ್ನು ಯಾರೂ ಏನೂ ಕೇಳುವುದಿಲ್ಲ. ಗಂಡಸರಿಗೆ ಇದ್ಯಾವುದೂ ಇಲ್ಲ. ಅವರ ಕಣ್ಣಡಿ ಕಪ್ಪಾದರೆ "ಪಾಪ, ಆಫೀಸಿನಲ್ಲಿ ತುಂಬಾ ಕೆಲಸ" ಎಂದು ಒಂದು ಹೋಳಿಗೆ ಹೆಚ್ಚು ಬೀಳುತ್ತದೆ.

ಸರ್ವಿಸ್ ಸೆಂಟರ್

ಚರ್ಮವೈದ್ಯರ ಬಳಿ ಹೋಗುವಾಗ ಹಚ್ಚಿರುವ ಎಲ್ಲ ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಕಣ್ಣಿನ ಒತ್ತಡ, ಅಂದರೆ ಗ್ಲಾಕೋಮಾಕ್ಕೆ ಡ್ರಾಪ್ಸ್ ಹಾಕುತ್ತಿದ್ದರೆ ಅದನ್ನೂ ತೋರಿಸಿ. ಲಟಾನೋಪ್ರೋಸ್ಟ್, ಬಿಮಾಟೋಪ್ರೋಸ್ಟ್ ಥರದವು ರೆಪ್ಪೆಗೂದಲನ್ನು ಉದ್ದ ಮಾಡುತ್ತವೆ, ಜೊತೆಗೇ ರೆಪ್ಪೆಯನ್ನು ಕಪ್ಪಾಗಿಸುತ್ತವೆ. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಕಣ್ಣಡಿ ಬೆಳ್ಳಗಾಗಿ ಕಣ್ಣೇ ಮಂಜಾದರೆ ನೋಡುವವರು ಯಾರು?

ಕಂದು ಮಾಡೆಲಿಗೆ ಅಲ್ಲಿ ಪೀಲ್ ಮಾಡುತ್ತಾರೆ, ಲೇಸರ್ ಹಾಯಿಸುತ್ತಾರೆ. ನಮ್ಮ ಮೈಬಣ್ಣಕ್ಕೆ ಲೇಸರಿನ ಬಿಸಿ ಹೆಚ್ಚಾದರೆ ಇನ್ನಷ್ಟು ಕಪ್ಪಾಗುವ ಸಂಭವವಿದೆ, ಆದ್ದರಿಂದ ಅಗ್ಗದ ಪ್ಯಾಕೇಜು ನೋಡಿ ನುಗ್ಗಬೇಡಿ. ನೆರಳು ಮಾಡೆಲಿನ ಹಳ್ಳ ತುಂಬಲು ಹಯಲ್ಯುರಾನಿಕ್ ಆಸಿಡ್ ಫಿಲ್ಲರ್ ಚುಚ್ಚುತ್ತಾರೆ. ಫಲ ತಕ್ಷಣ ಕಾಣುತ್ತದೆ, ಕ್ರಮೇಣ ಕರಗುತ್ತದೆ; ಆಳಕ್ಕಿಳಿಸದೆ ಚರ್ಮದ ಮೇಲ್ಪದರದಲ್ಲೇ ಚುಚ್ಚಿದರೆ ಅದೇ ನೀಲಿಯಾಗಿ ಕಾಣುತ್ತದೆ. ಬಲು ಅಪರೂಪಕ್ಕೆ ಅದು ರಕ್ತನಾಳಕ್ಕೆ ಹೊಕ್ಕು ದೃಷ್ಟಿಯನ್ನೇ ಕಳೆದ ಉದಾಹರಣೆಗಳಿವೆ. ಪಾರ್ಲರಿನ ಕುರ್ಚಿಯಲ್ಲಿ ಹುಬ್ಬು ತೀಡಿಸಿಕೊಳ್ಳುವ ಜೊತೆಗೆ ಮಾಡಿಸಿಕೊಳ್ಳುವ ಕೆಲಸ ಅದಲ್ಲ. ಉಬ್ಬಿದ ಕೊಬ್ಬಿಗೆ ಶಸ್ತ್ರಚಿಕಿತ್ಸೆಯೂ ಇದೆ.

ಇವೆಲ್ಲಕ್ಕಿಂತ ಅಗ್ಗದ ಸರ್ವಿಸ್ ಸೆಂಟರ್ ಬಸ್ ಸ್ಟ್ಯಾಂಡ್ ಎದುರಿನ ಫೋಟೊ ಸ್ಟುಡಿಯೋ. ಕಂಪ್ಯೂಟರಿನ ಮುಂದೆ ಕೂತ ಹುಡುಗ ನಿಮ್ಮ ಮುಖವನ್ನು ಪರದೆಯ ತುಂಬ ಹಿಗ್ಗಿಸಿ, ಮೌಸ್ ಕೈಯಲ್ಲಿ ಹಿಡಿದು ವಿಚಾರಿಸುತ್ತಾನೆ: "ಅಕ್ಕಾ, ಕಣ್ಣಿನ ಕೆಳಗಿಂದು ತೆಗೀಲಾ, ಇರ್ಲಾ?" ತೆಗಿ ಎಂದರೆ ಕೆನ್ನೆಯಿಂದ ಒಂದು ಚೂರು ಚರ್ಮ ಎತ್ತಿ ಕಣ್ಣಡಿಗೆ ಅಂಟಿಸುತ್ತಾನೆ, ಎಡಕ್ಕೆ ಎರಡು ಕ್ಲಿಕ್, ಬಲಕ್ಕೆ ಎರಡು ಕ್ಲಿಕ್. ಅಜ್ಜಿಯ ಕಾಲದಿಂದ ಬಂದದ್ದು ಅರ್ಧ ನಿಮಿಷದಲ್ಲಿ ಹೋಯಿತು. ಗುರುತಿನ ಚೀಟಿಯ ಫೋಟೊಗೆ ಈ ಸೌಲಭ್ಯ ಇಲ್ಲ. ವಧೂವರರ ಪ್ರೊಫೈಲಿಗೆ ಧಾರಾಳವಾಗಿ ಇದೆ. ಗಂಡಿನ ಕಡೆಯವರು ಹುಡುಗಿ ನೋಡಲು ಬಂದು, ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಹೊರಡುವಾಗ ಹುಡುಗನ ತಾಯಿ ಅಂಗಳದ ಬೆಳಕಿನಲ್ಲಿ ಹುಡುಗಿಯನ್ನು ಇನ್ನೊಮ್ಮೆ ನೋಡಿ "ಫೋಟೊದಲ್ಲಿ ಕಣ್ಣಿನ ಕೆಳಗೆ ಇಷ್ಟು ಕಪ್ಪು ಇರ್ಲಿಲ್ವಲ್ಲ" ಎಂದು ರಾಗ ಎಳೆದರೆ ಗಾಬರಿಯಾಗಬೇಡಿ. ಅದೇ ಬೆಳಕಿನಲ್ಲಿ ಅವರ ಮಗ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಿರುತ್ತಾನೆ, ಅವನದೂ ಅದೇ ಸ್ಟುಡಿಯೋದ ಫೋಟೊ.